ನಾಲ್ಕರ ಹಲ್ಲು

ತೆಲ್ಮೊ, ನೀನು ಹೋಟೆಲಿನಲ್ಲಿ ಮಲಗಿದ್ದೀಯ.
ಇಲ್ಲಿ ಪೋರ್ಟಿಮಾವ್‌ನ ಏಳನೇ ಗ್ಯಾರೇಜಿನಲ್ಲಿ
ನಿನ್ನ ಗೇರ್‌ಬಾಕ್ಸು ನನ್ನ ಮೇಜಿನ ಮೇಲೆ
ಹೊಟ್ಟೆ ಬಿಚ್ಚಿಕೊಂಡು ಕೂತಿದೆ.
ಬಸಿದ ಎಣ್ಣೆ ಇನ್ನೂ ಬೆಚ್ಚಗಿದೆ. ಆಯಸ್ಕಾಂತ ಅದ್ದಿ ತೆಗೆದರೆ
ಮೀಸೆಯಂತೆ ಹತ್ತಿಕೊಂಡು ಬರುತ್ತದೆ ಉಕ್ಕಿನ ಹುಡಿ.

ಸುಳ್ಳು ಹೇಳುವುದು ನಾಲಿಗೆ, ಹಲ್ಲಲ್ಲ.
ಆರು, ಐದು ಚೂಪಾಗಿವೆ, ಉಗುರಿಗೆ ಅಂಚು ತಾಗುತ್ತದೆ.
ಮೂರು, ಎರಡು, ಅವೂ ಸರಿ.
ನಾಲ್ಕರ ಹಲ್ಲು ಮಾತ್ರ
ಚೀಪಿ ಉಗುಳಿದ ಪೆಪ್ಪರಮಿಂಟಿನಂತೆ
ಮೂಲೆ ಸವೆದು ಗುಂಡಗಾಗಿದೆ.

ಸಂಜೆ ನಿನಗೆ ಬೈದೆ, ಎಲ್ಲರೆದುರು:

'ಮೊದಲು ಬ್ರೇಕು. ಪೂರ್ತಿ, ಒಂದೇ ಏಟಿಗೆ,
ಬೆಲ್ಟು ಎದೆಯ ಗಾಳಿ ಕಸಿಯುವಷ್ಟು.
ವೇಗ ಕೊಲ್ಲುವುದು ಬ್ರೇಕಿನ ಕೆಲಸ, ಗೇರಿನದಲ್ಲ.
ಬಲಪಾದದ ಅಂಚಿನಿಂದ ಆಕ್ಸಿಲರೇಟರಿಗೆ ಒಂದು ಚಿಟಿಕೆ,
ಎಂಜಿನ್ನು ಹೂಂ ಅಂದ ಕ್ಷಣ
ಲಿವರನ್ನು ಮುಂದಕ್ಕೆ ದೂಡು.
ಸವರಬೇಡ. ಕೇಳಬೇಡ. ದೂಡು.
ಆರರಿಂದ ಎರಡಕ್ಕೆ ಹಾರುವ ದಾರಿ ಇದರಲ್ಲಿಲ್ಲ,
ಐದು, ನಾಲ್ಕು, ಮೂರು,
ಪ್ರತಿ ಮೆಟ್ಟಿಲಿಗೂ ಪಾದ ಊರಲೇಬೇಕು.
ನೀನು ನಾಲ್ಕರ ಬಾಗಿಲಲ್ಲಿ ನಿಂತು
ಒಳಗೆ ಬರಲೇ ಅನ್ನುತ್ತೀಯ.
ಹಾಗೆ ಕೇಳುವವರ ಬೆರಳೇ ಸಂದಿಗೆ ಸಿಗುವುದು.'

ನೀನು ಹೆಲ್ಮೆಟ್ಟಿನೊಳಗೆ ಕೈ ಹಾಕಿ
ಬೆವರಿನ ಅಸ್ತರು ಒತ್ತುತ್ತ
'ದೂಡಿದೆ, ಇದಾಲಿಯ' ಅಂದೆ.
ಅಷ್ಟೇ ಅಂದೆ.

ನನ್ನಪ್ಪ ಕಾರ್ಕ್ ಮರದ ತೊಗಟೆ ಸುಲಿಯುವವನು,
ಸಾವ್ ಬ್ರಾಶ್ ಕಡೆಯ ಗುಡ್ಡಗಳಲ್ಲಿ.
ಒಂದು ಮರದ ಸರದಿ ಬರುವುದು ಒಂಬತ್ತು ವರ್ಷಕ್ಕೆ.
ಕೊಡಲಿ ಮೆತ್ತಗೆ ಬಿದ್ದರೆ ತೊಗಟೆ ಬಾಯಿ ಬಿಡದು,
ಆಳಕ್ಕೆ ಬಿದ್ದರೆ ಒಳಗಿನ ತಾಯಿಪದರ ಸೀಳಿ
ಮುಂದಿನ ಸುಲಿತಕ್ಕೂ ಗಾಯ ಉಳಿಯುತ್ತದೆ.
ಅಪ್ಪ ಕಿವಿಯಲ್ಲಿ ಕೆಲಸ ಮಾಡುತ್ತಿದ್ದ.
ಬಿಟ್ಟುಕೊಡುವ ತೊಗಟೆಯದು ಟೊಳ್ಳು ದನಿ,
ಬಿಡದ್ದರದು ಗಿಡ್ಡ, ಒಣ.
ಸುಲಿದ ಕೆಂಪು ಮೈಮೇಲೆ ಬಿಳಿ ಬಣ್ಣದಲ್ಲಿ
ಆ ವರ್ಷದ ಕೊನೆಯ ಅಂಕಿ ಬರೆಯುತ್ತಿದ್ದ.
ಒಂದು ಮರ ಅವನ ಕೈಯಲ್ಲೇ ಕೆಟ್ಟಿತು.
ಅದಕ್ಕೂ ಅಂಕಿ ಬರೆದ.
ಆಮೇಲೆ ಆ ದಾರಿಯಲ್ಲಿ ಹೋಗುವಾಗೆಲ್ಲ
ಟೊಪ್ಪಿ ಹುಬ್ಬಿನ ತನಕ ಎಳೆದುಕೊಳ್ಳುತ್ತಿದ್ದ.

ಈಗ ರಾತ್ರಿ ಎರಡು ಗಂಟೆ.
ಲಾರಿಯಲ್ಲಿ ಬೆಲ್ಮೀರುವಿನ ಗೊರಕೆ
ಮೂರನೇ ಗೇರಿನಲ್ಲಿ ಗುಡ್ಡ ಹತ್ತುತ್ತಿದೆ.
ಡ್ರಮ್ಮು ತೆಗೆದೆ,
ಸುಮ್ಮನೆ, ಕೈ ಖಾಲಿ ಇರಬಾರದೆಂದು.
ಪ್ರತಿ ಗೇರಿಗೊಂದು ಗುಳಿ, ಗುಳಿಗೆ ಬಂದು ಕೂರುವ ಗುಂಡು,
ಗುಂಡಿನ ಬೆನ್ನಿಗೆ ಕಿರುಬೆರಳಿನಷ್ಟು ಸ್ಪ್ರಿಂಗು.
ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ.
ಎದ್ದು ಬಂತು,
ಮದುವೆಯೂಟ ಮುಗಿಸಿದವನು ಏಳುವ ಹಾಗೆ.

ಮಾರ್ಚಿನಲ್ಲಿ ಹೊಸದು ಹಾಕಬೇಕಿತ್ತು.
ಹನ್ನೆರಡು ಯೂರೊ. ಪಾರ್ಸಲ್ಲು ತಡವಾಯಿತು,
ಇನ್ನೊಂದು ರೇಸು ತಡೆಯುತ್ತೆ ಅಂತ
ಹಳೆಯದನ್ನೇ ಒರೆಸಿ, ಎಣ್ಣೆ ಹಚ್ಚಿ, ನಾನೇ ಕೂರಿಸಿದ್ದೆ.
ಉಳಿದ ಗುಳಿಗಳು ಆಳವಾಗಿದ್ದವು, ಸಹಿಸಿಕೊಂಡವು.
ನಾಲ್ಕರದು ಮೊದಲೇ ಸವೆದದ್ದು.

ನೀನು ದೂಡಿದ್ದೆ, ತೆಲ್ಮೊ. ಗುಂಡು ಹಿಡಿಯಲಿಲ್ಲ.
ನಾಲ್ಕು ಅರ್ಧ ಕಚ್ಚಿ, ಬಿಟ್ಟು, ಮತ್ತೆ ಕಚ್ಚಿತು
ಪ್ರತಿ ಸುತ್ತಿನಲ್ಲೂ, ಆ ಮೊದಲ ತಿರುವಿಗೆ
ರಸ್ತೆ ಕಾಲ ಕೆಳಗಿಂದ ಜಾರುವಲ್ಲಿ.
ನಿನ್ನ ಅಂಗೈಗೆ ಅದು ಗೊತ್ತಿತ್ತು.
ನಾನು ಅಂಗೈಯನ್ನು ಕೇಳಲಿಲ್ಲ.

ಹೊಸ ಸ್ಪ್ರಿಂಗು, ಹೊಸ ಡ್ರಮ್ಮು, ಹೊಸ ನಾಲ್ಕು.
ಕೈಯಲ್ಲಿ ತಿರುಗಿಸಿ ನೋಡಿದೆ: ಟಕ್. ಟಕ್. ಟಕ್.
ಹಳೆಯ ನಾಲ್ಕನ್ನು ಒರೆಸಿ
ಬಿಳಿ ಪೆನ್ನಿನಲ್ಲಿ ಈ ವರ್ಷದ ಅಂಕಿ ಬರೆದು
ಎಲ್ಲರಿಗೂ ಕಾಣುವಲ್ಲಿ ಇಟ್ಟಿದ್ದೇನೆ.

ಎಂಟಕ್ಕೆ ನೀನು ಕಾಫಿ ಹಿಡಿದು ಬರುತ್ತೀಯ, ಕಣ್ಣು ತಪ್ಪಿಸಿ.
ಎಲ್ಲರೆದುರು ಬೈದವಳು ಎಲ್ಲರೆದುರೇ ಹೇಳಬೇಕು.
ಖಾಲಿ ಗ್ಯಾರೇಜಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ:
ಮೊದಲು ಗಾಳಿಯ ಮಾತು, ಇವತ್ತು ಯಾವ ಕಡೆಯದು ಅಂತ.
ಆಮೇಲೆ ಟೈರು.
ಆಮೇಲೆ,
ಇಲ್ಲಿ ನಾಲಿಗೆ ಅರ್ಧ ಕಚ್ಚಿ
ಬಿಡುತ್ತದೆ.